ಹದಿನಾಲ್ಕನೇ ನಿಲ್ದಾಣದ ಕಲ್ಲು

ಮೊದಲು ನೋಡಿದವಳು ಚಮನಬೀ. ಸೋಮವಾರ ಬೆಳಿಗ್ಗೆ ಏಳರ ಸುಮಾರಿಗೆ ಹತ್ತಿ ಬಿಡಿಸಲು ಹೊರಟಿದ್ದ ಎಂಟು ಹೆಂಗಸರಲ್ಲಿ ಅವಳೇ ಮುಂದಿದ್ದಳು. ಭೀಮರಾಯನಗುಡಿ ಹತ್ತಿರದ ಮರಿಕಾಲುವೆಗೆ ಆ ವಾರ ನೀರು ಬಂದ್. ಒಣಗಿದ ಕಾಲುವೆಯ ಸಿಮೆಂಟ್ ತಳದಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ. ಕುಡಿದು ಮಲಗಿರಬೇಕೆಂದು ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಲೆಯ ಬಳಿ ಕಪ್ಪುಗಟ್ಟಿದ ರಕ್ತ ಕಂಡಿತು.

"ಯಾ ಅಲ್ಲಾ! ಇವ್ರು ನಮ್ಮ ಸಣ್ಣ ರೈಲಿನ ಸಾಹೇಬ್ರು!"

ಗುರುತು ಸಿಗದವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಎರಡು ತಿಂಗಳಿಂದ ಆತ ಅವರ ಕಾಲುದಾರಿಯ ಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹಾದುಹೋಗುವವರನ್ನೆಲ್ಲ ಎಣಿಸುತ್ತಿದ್ದ. ಎಲ್ಲಿಗೆ ಹೊರಟಿರಿ, ಎಷ್ಟು ದೂರ ನಡೆಯುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಅಂಥ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಪಿಎಸ್‌ಐ ಯಶೋಧರಾ ಜೀಪಿನಿಂದ ಇಳಿದಾಗ ಕಾಲುವೆಯ ಏರಿಯ ಮೇಲೆ ಅರ್ಧ ಊರೇ ನೆರೆದಿತ್ತು. ಹೀಗೆ ನೆರೆಯುವ ಜನರೆಂದರೆ ಅವಳಿಗೆ ಆಗದು. ಸತ್ತವನನ್ನು ನೋಡಲು ಓಡಿಬರುವ ಮಂದಿ, ಬದುಕಿದ್ದಾಗ ಅವನ ಮಾತಿಗೆ ಎರಡು ನಿಮಿಷ ನಿಂತಿರುವುದಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಇದನ್ನು ಬೇಕಾದಷ್ಟು ಸಲ ಕಂಡಿದ್ದಳು.

ಸತ್ತವನು ಬಸವಕುಮಾರ. ಮೂವತ್ತನಾಲ್ಕು ವರ್ಷ. ಯಾದಗಿರಿಯವನು. ನಗರ ಯೋಜಕ. ಜೇಬಿನಲ್ಲಿ ಪರ್ಸಿತ್ತು, ಬೆರಳಲ್ಲಿ ಉಂಗುರವಿತ್ತು, ಪಕ್ಕದಲ್ಲಿ ಒಡೆದ ಫೋನಿತ್ತು. ಕಳ್ಳರ ಕೆಲಸವಲ್ಲ. ಅಂಗಿಯ ಮೇಲಿನ ಎರಡು ಗುಂಡಿ ಕಿತ್ತುಹೋಗಿದ್ದವು. ಯಾರೋ ಎದೆಯ ಬಳಿ ಹಿಡಿದು ನೂಕಿದ್ದರು.

"ಇದು ದೂರ ಹೋಗೂ ಕೇಸಲ್ರಿ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಅಂಬ್ರಪ್ಪ. "ಶನಿವಾರ ಚಾದಂಗಡಿ ಮುಂದ ಕಾಲೋನಿ ತಿಮ್ಮಣ್ಣ ಇವ್ರ ಮ್ಯಾಲ ಏರಿ ಹೋಗಿದ್ದ. 'ಕಲ್ಲು ವಾಪಸ್ ತಂದು ಹುಗೀಲಿಲ್ಲಂದ್ರ ನಿನ್ನ ಬಿಡಂಗಿಲ್ಲ' ಅಂದಿದ್ದ. ಹತ್ತು ಮಂದಿ ಕೇಳ್ಯಾರ."

"ಯಾವ ಕಲ್ಲು?"

"ನಿಲ್ದಾಣದ ಕಲ್ಲು ಮೇಡಂ. ಹದಿನಾಲ್ಕನೇ ನಂಬರಿಂದು."

ಯಾದಗಿರಿ ರೈಲು ನಿಲ್ದಾಣದಿಂದ ಶಹಾಪುರದ ಮೇಲೆ ಸುರಪುರದವರೆಗೆ ಲಘು ರೈಲು ಹಾಕುವ ಯೋಜನೆ ಆರು ವರ್ಷದಿಂದ ಕಾಗದದ ಮೇಲೆ ಓಡುತ್ತಿತ್ತು. ಹೋಗುವ ದಾರಿ ಗೊತ್ತಾಗಿತ್ತು. ಗಾಡಿ ಎಲ್ಲೆಲ್ಲಿ ನಿಲ್ಲಬೇಕೆಂಬುದು ಬಾಕಿಯಿತ್ತು. ಅದನ್ನು ಗೊತ್ತು ಮಾಡುವುದೇ ಬಸವಕುಮಾರನ ಕೆಲಸ. ನಿಲ್ದಾಣವೆಂದರೆ ಬರೀ ತಗಡಿನ ನೆರಳಲ್ಲ. ಅದರ ಸುತ್ತ ಅರ್ಧ ಕಿಲೋಮೀಟರಿನೊಳಗೆ ಅಂಗಡಿ, ಮೂರಂತಸ್ತಿನ ಮನೆ, ಕಾಯಿಪಲ್ಲೆ ಮಾರ್ಕೆಟ್ಟು, ಹಾಸ್ಟೆಲು, ಬೀದಿದೀಪ ಬರಬಹುದು. ಅದರಾಚೆಯ ಹೊಲ ಹೊಲವಾಗಿಯೇ ಉಳಿಯಬೇಕು. ಗೆರೆಯೊಳಗೆ ಬಿದ್ದವರು ಪೇಟೆಯವರಾಗುತ್ತಾರೆ. ಹೊರಗೆ ಬಿದ್ದವರು ಮಕ್ಕಳ ಕಾಲಕ್ಕೂ ನಡೆಯುತ್ತಲೇ ಇರುತ್ತಾರೆ.

* * *

ತಿಮ್ಮಣ್ಣ ಓಡಿಹೋಗಿರಲಿಲ್ಲ. ಮನೆಯ ಮುಂದೆಯೇ ಕೂತಿದ್ದ. ಕಾಲೋನಿಯ ಅಂಚಿಗೆ ಎರಡು ಎಕರೆ ಹೊಲ ಅವನದು. ಠಾಣೆಯಲ್ಲಿ ಬೆಂಚಿನ ಮೇಲೆ ಕೂರೆಂದರೂ ಕೂರಲಿಲ್ಲ.

"ಬೈದೀನ್ರಿ. ಅದನ್ನ ಇಲ್ಲ ಅನ್ನಂಗಿಲ್ಲ," ಎಂದ. "ಖೂನಿ ಮಾಡಿಲ್ರಿ."

"ಯಾಕ ಬೈದಿ?"

"ಕಲ್ಲು ನಮ್ಮ ಹೊಲದಾಗ ಇತ್ರಿ. ಇಪ್ಪತ್ತು ದಿನದ ಹಿಂದ ಸಾಹೇಬ್ರು ಹುಗಿಸಿದ್ರು. ಕುಣಿ ತೋಡಿದಾವ ನಾನ. 'ತಿಮ್ಮಣ್ಣ, ಇಲ್ಲಿ ನಡಿಯೋ ಮಂದಿ ಭಾಳ ಅದಾರ, ಗಾಡಿ ಇಲ್ಲೇ ನಿಂದರಬೇಕು' ಅಂದ್ರು. ಅರ್ಧ ಎಕರೆ ಬಿಡ್ತೀನಿ ಅಂತ ಒಪ್ಪಿದ್ದೆ. ಶನಿವಾರ ಮುಂಜಾನಿ ಹೋಗಿ ನೋಡ್ತೀನಿ, ಕಲ್ಲಿಲ್ಲ! ಸರ್ಕಾರದ ಕಲ್ಲು ಸರ್ಕಾರದವ್ರ ಬಿಟ್ಟು ಮತ್ಯಾರು ಕೀಳ್ತಾರ್ರಿ? ಲೇಔಟ್ ಮಂದಿಗೆ ಮಾರ್ಕೊಂಡಾರ ಅಂತ ತಿಳದೆ. ಸಿಟ್ಟು ತಡೀಲಿಲ್ಲ."

"ಅವ್ರೇನಂದ್ರು?"

"ಏನೂ ಅನ್ಲಿಲ್ರಿ. ಮುಖ ಸಣ್ಣದು ಮಾಡ್ಕೊಂಡು ಹೋದ್ರು."

ಸರ್ಕಲ್ ಸಾಹೇಬರು ಫೋನಿನಲ್ಲಿ ಮಾತು ಬೆಳೆಸಲಿಲ್ಲ. "ಬೆದರಿಕಿ ಹಾಕಿದ್ದಕ್ಕ ಹತ್ತು ಸಾಕ್ಷಿ ಅದಾವ. ನಾಳಿ ಮಧ್ಯಾಹ್ನದೊಳಗ ಮ್ಯಾಜಿಸ್ಟ್ರೇಟ್ ಮುಂದ ನಿಂದರಸ್ರಿ. ಬ್ಯಾರೆ ಏನರ ಇದ್ರ ಅಷ್ಟ್ರೊಳಗ ತರ್ರಿ."

ಅಂದರೆ ಒಂದು ದಿನ. ತಿಮ್ಮಣ್ಣ ಒಳಗೆ ಹೋದರೆ ಅವನೊಬ್ಬನೇ ಹೋಗುವುದಿಲ್ಲ ಎಂದು ಯಶೋಧರಾಗೆ ಗೊತ್ತಿತ್ತು. ಯೋಜಕನನ್ನು ಕೊಂದ ಕಾಲೋನಿ ಎಂಬ ಹೆಸರು ಬಿದ್ದ ಕಡೆಗೆ ಯಾವ ನಿಲ್ದಾಣವೂ ಬರುವುದಿಲ್ಲ. ಇನ್ನೊಂದು ಮಾತು ಹೇಳಬಹುದಾಗಿದ್ದವಳು ಬಸವಕುಮಾರನ ಹೆಂಡತಿ ಸೌಭಾಗ್ಯ. ಆದರೆ ಸುದ್ದಿ ಕೇಳಿ ಕುಸಿದವಳು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ.

* * *

ಕಲ್ಲು ಸಿಕ್ಕಿತು. ತಿಮ್ಮಣ್ಣನ ಹೊಲದಿಂದ ಎಂಟುನೂರು ಮೀಟರು ಆಚೆ, ಹೊಸ ಲೇಔಟಿನ ಕಮಾನಿನ ಪಕ್ಕ ನೆಟ್ಟಗೆ ನಿಂತಿತ್ತು. ಮೊಣಕಾಲೆತ್ತರದ ಹಳದಿ ಕಲ್ಲು. ಒಬ್ಬನೇ ಎತ್ತಿ ಕಾರಿಗೆ ಹಾಕಬಹುದಾದಷ್ಟು ಭಾರ.

ಲೇಔಟಿನಲ್ಲಿ ನಲವತ್ತೆರಡು ಪ್ಲಾಟು. ಮನೆ ಒಂದೂ ಇಲ್ಲ. ಕೊಂಡವರೆಲ್ಲ ಶಹಾಪುರ, ಸುರಪುರದ ಮೇಷ್ಟರು, ಗುಮಾಸ್ತರು, ಸಣ್ಣ ಅಂಗಡಿಯವರು. ಅವರನ್ನೆಲ್ಲ ಸೇರಿಸಿದವರು ವಿಶ್ವರಾಧ್ಯ. ನಿವೃತ್ತ ಪ್ರಿನ್ಸಿಪಾಲರು, ಲಘು ರೈಲು ಹೋರಾಟ ಸಮಿತಿಯ ಅಧ್ಯಕ್ಷರು. ಯಶೋಧರಾಗೆ ಇತಿಹಾಸ ಕಲಿಸಿದವರೂ ಅವರೇ, ಪೊಲೀಸ್ ಪರೀಕ್ಷೆಗೆ ಅರ್ಜಿ ತುಂಬಿಸಿದವರೂ ಅವರೇ. ಅವರು ಕರೆಯದಿದ್ದರೂ ಬಂದು ಕಮಾನಿನ ಕೆಳಗೆ ನಿಂತಿದ್ದರು. ಹಣೆಯಲ್ಲಿ ವಿಭೂತಿ ಎಂದಿನಂತೆ ಅಚ್ಚುಕಟ್ಟಾಗಿತ್ತು.

"ಬಾರವ್ವ. ಎಂಥಾ ಹುಡುಗ ಹೋದ ನೋಡು," ಎಂದರು. ಕಣ್ಣು ನಿಜವಾಗಿಯೂ ಕೆಂಪಗಿದ್ದವು.

"ಸರ್, ಈ ಕಲ್ಲು ಇಲ್ಲಿ ಯಾವಾಗ ಬಂತ್ರಿ?"

"ಮೊದಲಿಂದ ಇಲ್ಲೇ ಅದ. ಹಳೆ ನಕ್ಷೆ ನೋಡು ಬೇಕಾದ್ರ, ಹದಿನಾಲ್ಕು ಇಲ್ಲೇ ತೋರಿಸ್ಯಾರ. ತಿಂಗಳ ಹಿಂದ ಬಸವಕುಮಾರ ಹುಗಿಸುವಾಗ ನಾನ ನಿಂತಿದ್ದೆ. ತಿಮ್ಮಣ್ಣ ತನ್ನ ಹೊಲದಾಗ ಹುಗೀರಿ ಅಂತ ಗಂಟು ಬಿದ್ದಿದ್ನಂತ. ಬಡವನ ಆಸಿ. ತಪ್ಪನ್ನಾಕ ಬರಂಗಿಲ್ಲ."

"ನೀವು ಬಸವಕುಮಾರ ಅವ್ರ ಜೋಡಿ ಕಡೀಕ ಮಾತಾಡಿದ್ದು ಯಾವಾಗ?"

"ವಾರ ಆತು. ಹೋದ ಸೋಮವಾರ ಇರಬೇಕು."

ಹಳೆಯ ನಕ್ಷೆ ಅವರ ಮಾತಿಗೆ ಹೊಂದುತ್ತಿತ್ತು. ಯಶೋಧರಾ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೊರೆದ ಅಂಕಿಯ ಸಾಲಿನೊಳಗೆ ಬೆಳ್ಳಗೆ ಏನೋ ಅಂಟಿತ್ತು. ಉಗುರಿನಿಂದ ಕೆರೆದಳು. ಸುಣ್ಣ. ಮೇಲಿನದೆಲ್ಲ ತೊಳೆದುಹೋಗಿ ಸಂದಿನಲ್ಲಿ ಮಾತ್ರ ಉಳಿದಿತ್ತು. ಅವಳು ಕೈ ಒರೆಸಿಕೊಂಡು ಎದ್ದಳು.

* * *

ಠಾಣೆಯ ಮೆಟ್ಟಿಲ ಮೇಲೆ ತಿಮ್ಮಣ್ಣನ ಹೆಂಡತಿ ಮರಿಲಿಂಗಮ್ಮ ಕಾಯುತ್ತಿದ್ದಳು. ಅಳಲಿಲ್ಲ, ಕೈಮುಗಿಯಲಿಲ್ಲ. "ಒಮ್ಮಿ ನಮ್ಮ ಹೊಲಕ್ಕ ಬರ್ರಿ ಅಕ್ಕೋರೆ. ನಂದೊಂದು ಮಾತದ," ಎಂದಳಷ್ಟೇ.

ಹೋದ ಶುಕ್ರವಾರ ಎಳ್ಳಮವಾಸ್ಯೆ. ಅಂದು ಈ ಸೀಮೆಯಲ್ಲಿ ಊರಲ್ಲಿ ಯಾರೂ ಉಳಿಯುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಸಜ್ಜೆ ಕಡುಬು, ಭಜ್ಜಿಪಲ್ಯ ಎಡೆಯಿಟ್ಟು, ಅದನ್ನೇ ಬೆಳೆಗೆಲ್ಲ ಚರಗವೆಂದು ಚೆಲ್ಲುತ್ತಾರೆ. ಯಶೋಧರಾಳ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನೊಬ್ಬನೇ. ಆದರೂ ಸಣ್ಣವಳಿದ್ದಾಗ ಕಂಡವರ ಹೊಲದ ಕಡುಬು ತಿಂದೇ ಅವಳು ಬೆಳೆದಿದ್ದಳು.

ಜೋಳದ ಹೊಲದ ಅಂಚಿನಲ್ಲಿ ಐದು ಕಲ್ಲುಗಳಿದ್ದವು.

"ಇವು ನಾಕು ನಾ ಇಟ್ಟದ್ದು," ಎಂದಳು ಮರಿಲಿಂಗಮ್ಮ. "ಐದನೇದ್ದು ಸರ್ಕಾರದ ಕಲ್ಲಿತ್ರಿ. ಅದನ್ನ ಭೀಮ ಮಾಡಿದ್ದೆ."

"ಸರ್ಕಾರದ ಕಲ್ಲಿಗೆ ಸುಣ್ಣ ಬಳದಿದ್ದೇನು?"

"ಮತ್ತ? ತಾನಾಗೇ ನಮ್ಮ ಹೊಲಕ್ಕ ಬಂದು ನಿಂತದ. ಅದನ್ನ ಬಿಟ್ಟು ಹ್ಯಾಂಗ ಪೂಜಿ ಮಾಡ್ಲಿರಿ? ಹೊತ್ತು ಮುಳುಗೂದ್ರೊಳಗ ಎಲ್ಲಾರೂ ಮನಿಗಿ ಹೋದ್ವಿ. ಮರುದಿನ ಬಂದ್ರ ಅದಿಲ್ಲ. ಅದರ ಜಾಗಾದಾಗ ಈ ಕಲ್ಲು ಕೂಡಿಸ್ಯಾರ. ಇದು ನಂದಲ್ಲ. ಈಬತ್ತಿ ನೋಡ್ರಿ. ನಾವು ಅರಿಷಿಣ ಕುಂಕುಮ ಹಚ್ಚೋರು."

ಯಶೋಧರಾ ಬಗ್ಗಿ ನೋಡಿದಳು. ನಾಲ್ಕು ಕಲ್ಲು ಗುಂಡಗಿದ್ದವು, ಸುಣ್ಣ, ಅರಿಷಿಣ, ಕುಂಕುಮ ಹೊತ್ತಿದ್ದವು. ಐದನೆಯದು ಉಳಿಯಿಂದ ಕಡಿದ ಚೌಕ ಕಲ್ಲು. ಸುಣ್ಣವಿಲ್ಲ. ಮೂರು ಬೆರಳಿನಿಂದ ಎಳೆದ ವಿಭೂತಿ ಮಾತ್ರ ಇತ್ತು. ಸಾಲು ಎಲ್ಲಿಯೂ ಸೊಟ್ಟಗಿರಲಿಲ್ಲ. ನಿತ್ಯ ಹಚ್ಚಿಕೊಂಡು ರೂಢಿಯಾದ ಕೈ ಅದು.

ಅವಳು ಅಂಬ್ರಪ್ಪನಿಂದ ಹಾರೆ ಹಾಕಿಸಿ ಆ ಕಲ್ಲನ್ನು ಎತ್ತಿಸಿದಳು. ಮಣ್ಣೊಳಗೆ ಮುಚ್ಚಿದ್ದ ಮೈಮೇಲೆ ಕೆಂಪು ಬಣ್ಣದ ಅಂಕಿಯಿತ್ತು. ಒಂಬತ್ತು.

ಲೇಔಟಿನ ಒಂಬತ್ತನೇ ಪ್ಲಾಟು ಯಾರದೆಂದು ಅವಳಿಗೆ ಗೊತ್ತಿತ್ತು. ಅಂಬ್ರಪ್ಪನ ಮುಂದೆ ತೋರಿಸಿಕೊಳ್ಳಲಿಲ್ಲ.

* * *

"ಪ್ಲಾಟ್ ಕಲ್ಲಿದು ಮೇಡಂ," ಎಂದ ಅಂಬ್ರಪ್ಪ. "ಹಂಗಾದ್ರ ಪ್ಲಾಟ್ ಮಾರೂ ಏಜೆಂಟಂದೇ ಕೆಲಸ. ಹಾರಿ, ಗುದ್ದಲಿ, ಜೀಪು ಎಲ್ಲಾ ಅದಾವ ಅವನ ಹಂತ್ಯಾಕ. ಎತ್ತಾಕ್ಲೇನು?"

ಏಜೆಂಟ್ ತಾನಾಗಿಯೇ ಠಾಣೆಗೆ ಬಂದ. ಶುಕ್ರವಾರದಿಂದ ಭಾನುವಾರದವರೆಗೆ ಅವನು ಸುರಪುರದಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದ. ಇನ್ನೂರು ಜನ ಅವನ ಕೈಯಿಂದ ಊಟ ಬಡಿಸಿಕೊಂಡಿದ್ದರು. ಯಶೋಧರಾಗೆ ಆ ಸಾಕ್ಷಿ ಬೇಕಾಗಿಯೂ ಇರಲಿಲ್ಲ. ಏಜೆಂಟನಾಗಿದ್ದರೆ ಕಲ್ಲು ಕಿತ್ತು ಹೊತ್ತೊಯ್ಯುತ್ತಿದ್ದ, ಅಷ್ಟೆ. ಪಾಂಡವರು ನಾಲ್ಕೇ ಉಳಿದರೆ ಅವನಿಗೇನು?

ಸಂಜೆ ಶವಪರೀಕ್ಷೆ ಮಾಡಿದ ಡಾಕ್ಟರು ಫೋನ್ ಮಾಡಿದರು. ಸಾವು ಭಾನುವಾರ ರಾತ್ರಿ ಎಂಟರ ಸುಮಾರಿಗೆ. ಆದರೆ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ. ಸುಮಾರು ಎರಡು ತಾಸು ಆತ ಬದುಕಿದ್ದ.

"ದವಾಖಾನಿಗಿ ತಂದಿದ್ರ?" ಎಂದು ಯಶೋಧರಾ ಕೇಳಿದಳು.

"ಹತ್ತು ನಿಮಿಷದ ದಾರಿ ಮೇಡಂ. ಉಳೀತಿದ್ರು ಅಂತ ನನಗನ್ನಿಸ್ತದ."

ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಕಂಪನಿಯ ಕಾಗದ ಬಂತು. ಭಾನುವಾರ ಸಂಜೆ ಐದೂ ಇಪ್ಪತ್ತಕ್ಕೆ ಬಸವಕುಮಾರ ಮಾಡಿದ ಕೊನೆಯ ಕರೆ ಯಾರಿಗೆಂದು ಅದರಲ್ಲಿತ್ತು. ಅವಳು ಆ ನಂಬರನ್ನು ಓದಿ ನೋಡಬೇಕಾಗಿರಲಿಲ್ಲ. ಹದಿನಾರು ವರ್ಷದಿಂದ ಅದು ಅವಳ ಫೋನಿನಲ್ಲಿತ್ತು.

* * *

ಮಂಗಳವಾರ ಹತ್ತಕ್ಕೆ ಲೇಔಟಿನ ಕಮಾನಿನ ಕೆಳಗೆ ಶ್ರದ್ಧಾಂಜಲಿ ಸಭೆ ಇತ್ತು. ಬಸವಕುಮಾರನ ಫೋಟೋಕ್ಕೆ ಮಾಲೆ ಹಾಕಿದ್ದರು. ಏರ್ಪಾಡು ವಿಶ್ವರಾಧ್ಯರದ್ದೇ. ಅವರು ಮಾತು ಮುಗಿಸುವವರೆಗೆ ಯಶೋಧರಾ ಹಿಂದೆ ನಿಂತಿದ್ದಳು. ಆಮೇಲೆ ಹತ್ತಿರ ಹೋದಳು.

"ಸರ್, ನಿಮ್ಮ ಪ್ಲಾಟ್ ತೋರಸ್ರಿ. ಒಂಬತ್ತನೇ ನಂಬರ್."

ಅವರ ಮುಖದ ಬಣ್ಣ ಇಳಿಯಿತು. "ಏನಿದ್ರೂ ಇಲ್ಲೇ ಹೇಳವ್ವ. ಇವ್ರೆಲ್ಲಾ ನಮ್ಮವ್ರೇ."

"ನಲವತ್ತೆರಡು ಪ್ಲಾಟಿಗೆ ನಂಬರ್ ಕಲ್ಲಿರಬೇಕು. ನಲವತ್ತೊಂದು ಅದಾವ. ನಿಮ್ಮದು ತಿಮ್ಮಣ್ಣನ ಹೊಲದಾಗ ಸಿಕ್ತು."

ಹಿಂದಿನ ಸಾಲಿನವರು ಪ್ಲಾಟುಗಳ ಕಡೆ ತಿರುಗಿ ನೋಡಿದರು.

"ಹದಿನಾಲ್ಕನೇ ಕಲ್ಲು ತಿಮ್ಮಣ್ಣನ ಹೊಲದಾಗೇ ಇತ್ತು," ಎಂದು ಅವಳು ಮುಂದುವರಿಸಿದಳು. "ಎಳ್ಳಮವಾಸಿ ದಿನ ಅದಕ್ಕ ಸುಣ್ಣ ಬಿದ್ದದ. ಈ ಲೇಔಟಿನ್ಯಾಗ ಎರಡು ವರ್ಷದಿಂದ ಕಾಳು ಬಿತ್ತಿಲ್ಲ, ಇಲ್ಲಿ ಪಾಂಡವರ ಪೂಜಿ ಮಾಡೋರಿಲ್ಲ. ಅಂಕಿಯೊಳಗ ಸುಣ್ಣ ಎಲ್ಲಿಂದ ಬರ್ಬೇಕು? ಶುಕ್ರವಾರ ಹೊತ್ತು ಮುಳುಗಿದ ಮ್ಯಾಲ ಯಾರೋ ತಂದು, ತೊಳದು, ಇಲ್ಲಿ ಹುಗದಾರ. ಭಾನುವಾರ ಪ್ಲಾಟಿನವ್ರೆಲ್ಲಾ ಕಲ್ಲು ನೋಡಾಕ ಬರೋರಿದ್ರು. ಕರದವ್ರು ನೀವೇ."

"ಯಾರು ಬೇಕಾದ್ರೂ ತಂದಿರ್ಬೋದಲ್ಲ," ಎಂದರು ವಿಶ್ವರಾಧ್ಯ. ಅವರ ದನಿ ತರಗತಿಯ ಹಿಂದಿನ ಬೆಂಚಿಗೆ ಕೇಳುವ ದನಿಯಾಗಿರಲಿಲ್ಲ.

"ಬ್ಯಾರೆಯವ್ರು ತಂದಿದ್ರ ನಾಕು ಪಾಂಡವರನ್ನ ಹಂಗೇ ಬಿಟ್ಟು ಬರ್ತಿದ್ರು. ನೀವು ಒಕ್ಕಲುತನದ ಮನಿಯಾಗ ಹುಟ್ಟಿದವ್ರು. ಪೂಜಿ ಆದ ಕಲ್ಲು ಕಿತ್ತು ಜಾಗಾ ಖಾಲಿ ಬಿಡಾಕ ನಿಮ್ಮ ಮನಸ್ಸು ಒಪ್ಲಿಲ್ಲ. ಇನ್ನೊಂದು ಕಲ್ಲು ಕೂಡಿಸಿದ್ರಿ. ಕೈ ತಾನಾಗೇ ವಿಭೂತಿ ಹಚ್ಚಿತು. ಇನ್ನೊಬ್ಬರ ಪ್ಲಾಟಿನ ಕಲ್ಲು ಕೀಳಾಕ ನಿಮ್ಮ ಕೈ ಬರ್ಲಿಲ್ಲ, ನಿಮ್ಮದೇ ಕಿತ್ತಿರಿ. ಸರ್, ನಿಮ್ಮ ಒಳ್ಳೇತನದಿಂದನ ನೀವು ಸಿಕ್ಕೊಂಡ್ರಿ."

ವಿಶ್ವರಾಧ್ಯರ ಕೈ ಹಣೆಯ ವಿಭೂತಿಗೆ ಹೋಯಿತು.

"ಬಸವಕುಮಾರ ಅವ್ರ ಜೋಡಿ ಮಾತಾಡಿ ವಾರ ಆತು ಅಂದ್ರಿ. ಭಾನುವಾರ ಐದೂ ಇಪ್ಪತ್ತಕ್ಕ ಅವ್ರು ನಿಮಗ ಫೋನ್ ಮಾಡ್ಯಾರ. ಕಲ್ಲು ಇಲ್ಲಿ ಕಂಡು ಕರದಾರ."

ವಿಶ್ವರಾಧ್ಯ ಕುರ್ಚಿಯ ಬೆನ್ನು ಹಿಡಿದುಕೊಂಡರು. ಕೂರಲಿಲ್ಲ.

"ಒಂದು ವಾರ ಟೈಮ್ ಕೊಡು ಅಂದೆ," ಎಂದರು. "ನನ್ನ ಮಾತಿನ ಮ್ಯಾಲ ಇಷ್ಟು ಮಂದಿ ಜಾಗಾ ತಗೊಂಡಾರ, ನನ್ನ ಮಾನ ಉಳಸು ಅಂತ ಕೈ ಮುಗದೆ. ಅವ ಕೇಳ್ಲಿಲ್ಲ. 'ಸರ್, ನಿಮ್ಮ ಪ್ಲಾಟಿನವ್ರು ಕಾರಿನ್ಯಾಗ ಬರೋರು. ನಡಿಯೋ ಮಂದಿ ಅಲ್ಲಿ ಅದಾರ. ಗಾಡಿ ನಿಂತ ಕಡಿಗಿ ಊರು ಬೆಳೀತದ, ಅಲ್ಲೇ ಬೆಳೀಲಿ' ಅಂದ. ತಿಮ್ಮಣ್ಣಗ ಹೇಳಿ ಬರ್ತೀನಿ ಅಂತ ಏರಿ ಮ್ಯಾಲ ಹೊಂಟ. ನಾ ಬೆನ್ನು ಹತ್ತಿ, ಅಡ್ಡ ನಿಂತು ಅಂಗಿ ಹಿಡದೆ. ನೂಕಿದ್ದು ಖರೆ. ಕೊಲ್ಲಾಕ ಅಲ್ಲವ್ವ."

"ಎರಡು ತಾಸು ಜೀವ ಇತ್ತು ಸರ್."

ಅವರು ತಲೆ ಎತ್ತಲಿಲ್ಲ.

"ನೀರು ಅಂದ. ತರ್ತೀನಿ ಅಂತ ಕಾರಿಗೆ ಹೋದೆ. ಒಳಗ ಕೂತೆ. ಬಾಟ್ಲಿ ಕೈಯಾಗ ಇತ್ತು. ಇಳೀಲಿಲ್ಲ."

ಮುಂದಿನ ಸಾಲಿನಲ್ಲಿ ಶಾಲೆ ಮೇಡಂ ಮುಬೀನಾ ಎದ್ದು ನಿಂತಳು. ಅವಳದು ಮೂವತ್ತನೆಯ ಪ್ಲಾಟು. "ನಮ್ಮ ಲೆಕ್ಕ ತಪ್ಪಾತು, ನಿಲ್ದಾಣ ಇಲ್ಲಿ ಬರಂಗಿಲ್ಲ ಅಂದಿದ್ರ ಸಾಕಿತ್ತಲ್ರಿ ಸರ್," ಎಂದಳು. "ಒಂದು ದಿನ ಬೈತಿದ್ವಿ. ನಿಮ್ಮನ್ನ ಬಿಟ್ಟು ಹೋಗ್ತಿದ್ವೇನು?"

ಅಂಬ್ರಪ್ಪ ಬೇಡಿ ತೆಗೆದ. ಯಶೋಧರಾ ಬೇಡವೆಂದು ಕಣ್ಣಲ್ಲೇ ಹೇಳಿ, ತಾನೇ ಅವರ ತೋಳು ಹಿಡಿದು ಜೀಪಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಅವಳು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು.

* * *

ಬಿಡುಗಡೆಯಾದ ತಿಮ್ಮಣ್ಣನಿಗೆ ಸಂತೋಷವಾಗಲಿಲ್ಲ. ನಡೆದದ್ದನ್ನೆಲ್ಲ ಯಶೋಧರಾ ಹೇಳಿದಾಗ ಅವನು ಠಾಣೆಯ ಗೋಡೆಗೆ ಒರಗಿ ನಿಂತುಬಿಟ್ಟ.

"ಹಂಗಾದ್ರ ಅವ್ರು ನನ್ನ ಕಲ್ಲು ಹುಡುಕ್ಕೋಂತ ಹೋಗಿ ಸತ್ರೇನ್ರಿ?"

"ಹೌದು ತಿಮ್ಮಣ್ಣ."

"ನಾ ಅವ್ರಿಗೆ ಮಾರ್ಕೊಂಡಾವ ಅಂದೆ. ಹತ್ತು ಮಂದಿ ಮುಂದ ಅಂದೆ. ಅದನ್ನ ಕಿವಿಯಾಗ ಇಟ್ಕೊಂಡ ಹೋದ್ರಲ್ರಿ."

ಎರಡು ದಿನ ಅವನು ಹೊಲದ ಕಡೆ ಸುಳಿಯಲಿಲ್ಲ. ಗುರುವಾರ ಬೆಳಿಗ್ಗೆ ಠಾಣೆಗೆ ಬಂದು, ಸಾಹೇಬರ ಮನೆ ಎಲ್ಲಿ ಎಂದು ಕೇಳಿದ. ಯಶೋಧರಾಗೂ ಸೌಭಾಗ್ಯಳ ಹೇಳಿಕೆ ಪಡೆಯುವುದಿತ್ತು. ಜೀಪಿನಲ್ಲಿ ಕೂರಿಸಿಕೊಂಡು ಯಾದಗಿರಿಗೆ ಕರೆದೊಯ್ದಳು.

ಸೌಭಾಗ್ಯ ನಡುಮನೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ತಿಮ್ಮಣ್ಣ ಹೊಸ್ತಿಲಾಚೆಯೇ ಚಪ್ಪಲಿ ಬಿಟ್ಟು ನಿಂತ. ಒಳಗೆ ಬರಲು ಕಾಲೇಳಲಿಲ್ಲ.

"ಯಾರ್ರಿ ಇವ್ರು?" ಎಂದು ಅವಳು ಕೇಳಿದಳು.

ಯಶೋಧರಾ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ. "ನಾನು ತಿಮ್ಮಣ್ಣ ರೀ. ಕಾಲೋನಿಯಾವ. ಸಾಹೇಬ್ರಿಗೆ ಬೈದಾವ."

ಸೌಭಾಗ್ಯ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಕಂಬಳಿಯ ಅಂಚಿಗೆ ಸರಿದು ಅವನಿಗೆ ಜಾಗ ಮಾಡಿದಳು.

"ಶನಿವಾರ ಮನಿಗಿ ಬಂದು ಉಣ್ಣಲಿಲ್ಲ," ಎಂದಳು. "ಯಾಕ ಅಂತ ಕೇಳಿದೆ. 'ಇವತ್ತು ಒಬ್ಬಾವ ನನ್ನ ಅಂಗಿಗೆ ಕೈ ಹಾಕಾಕ ಬಂದಿದ್ದ' ಅಂದ್ರು. ನನಗ ಸಿಟ್ಟು ಬಂತು. ಪೊಲೀಸ್ರಿಗೆ ಹೇಳ್ರಿ ಅಂದೆ. ಅವ್ರು ನಕ್ಕರು. 'ಹುಚ್ಚಿ, ಇಷ್ಟು ವರ್ಷ ನಕ್ಷೆ ಬರದೀನಿ. ನಾ ಬರದ ಗೆರಿ ತನ್ನದು ಅಂತ ಜಗಳಕ್ಕ ಬಂದಾವ ಅವನೊಬ್ಬನ. ಅವನ ಕಲ್ಲು ಅವನಿಗಿ ಕೊಟ್ಟು ಬರ್ತೀನಿ' ಅಂದ್ರು."

ತಿಮ್ಮಣ್ಣ ಹೊಸ್ತಿಲ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಸೌಭಾಗ್ಯ ಎದ್ದು ಒಳಗೆ ಹೋಗಿ, ಅವನಿಗೆ ಒಂದು ತಂಬಿಗೆ ನೀರು ತಂದುಕೊಟ್ಟಳು.